450 ವ್ಯಾಟ್ ಬಿರುದಾಂಕಿತರಿಗೆ ಸಾರಕ್ಕಿಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸ್ಟಿಕ್ಕರ್ ಅವರ ಸನ್ನಿಧಾನಕ್ಕೆ,

ನಮಸ್ಕಾರ. ತಾವು ಮೂರು ವರ್ಷ ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯೊಳಗೆ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯ ಪಕ್ಕೆಗೆ ಅಂಟಿಕೊಂಡು ವಾಸವಾಗಿದ್ದಿರಿ. ಅಷ್ಟು ದಿನ ನಾವ್ಯಾರೂ ತಮ್ಮ ಮುಖ ನೋಡಿರಲಿಲ್ಲ. ಕಳೆದ ತಿಂಗಳು ಸ್ಕ್ರೂ ಬಿಚ್ಚಿ, ಕನ್ನಡಕ ಒರೆಸಿಕೊಂಡು, ಮೊಬೈಲಿನ ಟಾರ್ಚ್ ಹಿಡಿದಾಗ ದರ್ಶನವಾಯಿತು. ‘450 W’ ಎಂಬುದು ದಪ್ಪ ಕೆಂಪು ಅಕ್ಷರದಲ್ಲಿತ್ತು. ಮಿಕ್ಕದ್ದೆಲ್ಲ ಇರುವೆ ಸಾಲಿನ ಅಕ್ಷರದಲ್ಲಿತ್ತು.

ಕ್ಯಾಬಿನೆಟ್ ಕೊಂಡ ದಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ತಮ್ಮ ಪರಿಚಯ ಹೀಗಾಗಿತ್ತು: “ಎಸ್‌ಎಂಪಿಎಸ್ ಇದರ ಜೊತೆ ಫ್ರೀ ಸಾರ್. ಫೋರ್ ಫಿಫ್ಟಿ. ನಾಳೆ ಏನು ಹಾಕಿದ್ರೂ ಆರಾಮಾಗಿ ಎಳೆಯುತ್ತೆ.” ಫ್ರೀ ಎಂದ ಮೇಲೆ ತಿರುಗಿಸಿ ನೋಡುವುದು ನಮ್ಮ ಸಂಸ್ಕಾರವಲ್ಲ. ಆಗ ಗ್ರಾಫಿಕ್ಸ್ ಕಾರ್ಡೂ ಇರಲಿಲ್ಲ. ಮಗನ ಕಾಲೇಜಿನ ಕೆಲಸ, ನನ್ನ ಪಂಚಾಂಗ, ಮನೆಯವಳ ಧಾರಾವಾಹಿ, ಇಷ್ಟಕ್ಕೆ ತಮ್ಮ ಮರ್ಯಾದೆ ಉಳಿದಿತ್ತು.

ಆಮೇಲೆ ಮಗ ಸೆಕೆಂಡ್‌ಹ್ಯಾಂಡಿನಲ್ಲಿ ಆರ್‌ಟಿಎಕ್ಸ್ 3060 ಕಾರ್ಡು ತಂದ. “ಅಪ್ಪ, ಒಂದೇ ಒಂದು ಕಾರ್ಡು ಹಾಕ್ತೀನಿ, ಅಷ್ಟೆ” ಎಂದ. ತಮ್ಮ ಡಬ್ಬಿಯಲ್ಲಿ ಆ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರೇ ಇರಲಿಲ್ಲ. ಅದೇ ಒಂದು ಸೂಚನೆಯಾಗಬೇಕಿತ್ತು. ಆದರೆ ಎರಡು ಮೊಲೆಕ್ಸ್ ವೈರು ಗಂಟುಹಾಕಿ ಎಂಟು ಪಿನ್ ಮಾಡುವ ಕನೆಕ್ಟರೂ ಪೇಟೆಯಲ್ಲಿ ಸಿಗುತ್ತದೆ. ತಂದ, ಸಿಕ್ಕಿಸಿದ. ಆಟ ಶುರುವಾಗಿ ನಾಲ್ಕನೇ ನಿಮಿಷಕ್ಕೆ ಟಪ್ ಎಂದು ಪರದೆ ಕಪ್ಪಾಯಿತು.

ನಾವು ತಮ್ಮನ್ನು ಅನುಮಾನಿಸಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮೊದಲು ಬೆಸ್ಕಾಂ ಮೇಲೆ ಹೋದೆವು. ಸಾರಕ್ಕಿಯಲ್ಲಿ ಅದು ವಾಡಿಕೆ. ಬೆಸ್ಕಾಂ ಕರೆಂಟು ಅವತ್ತು ಇತ್ತು. ಆಮೇಲೆ ವಿಂಡೋಸ್, ಆಮೇಲೆ ಕಾರ್ಡು ಮಾರಿದವನು, ಕೊನೆಗೆ ಅಮಾವಾಸ್ಯೆ. ಮಗನ ಗೆಳೆಯನೊಬ್ಬ ಬಂದು ತಮ್ಮ ಡಬ್ಬಿಯ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದ. ಫ್ಯಾನು ತಿರುಗಿತು. “ನೋಡಿ ಅಂಕಲ್, ಎಸ್‌ಎಂಪಿಎಸ್ ಚೆನ್ನಾಗಿದೆ” ಎಂದು ಸರ್ಟಿಫಿಕೇಟ್ ಕೊಟ್ಟು ಹೋದ. ಉಸಿರಾಡುತ್ತಿದ್ದಾನೆ, ಆದ್ದರಿಂದ ಮೂಟೆ ಹೊರಬಲ್ಲ ಎಂದ ಹಾಗಾಯಿತು!

ಆಗಲೇ ನಾನು ಟಾರ್ಚ್ ಹಿಡಿದದ್ದು. ಮೂವತ್ತು ವರ್ಷ ಲೆಡ್ಜರ್ ನೋಡಿ ನಿವೃತ್ತನಾದವನು ನಾನು. ಒಟ್ಟು ಮೊತ್ತ ನಂಬದೆ ಬಾಬ್ತು ಕೂಡಿಸಿ ನೋಡುವುದು ನನ್ನ ಕೆಟ್ಟ ಚಾಳಿ. ವೋಲ್ಟಿಗೆ ಆಂಪಿಯರ್ ಗುಣಿಸಿದರೆ ವ್ಯಾಟ್. ತಮ್ಮ ಸಣ್ಣಕ್ಷರದ ಪ್ರಕಾರ 12 ವೋಲ್ಟಿನಲ್ಲಿ 15 ಆಂಪಿಯರ್, ಅಂದರೆ 180 ವ್ಯಾಟ್. 5 ವೋಲ್ಟಿನಲ್ಲಿ 16 ಆಂಪಿಯರ್, 80. 3.3 ವೋಲ್ಟಿನಲ್ಲಿ 14, ಅಂದರೆ 46 ಚಿಲ್ಲರೆ. ಚೂರುಪಾರು ಸೇರಿಸಿದರೆ ಇನ್ನೊಂದು 16. ಎಷ್ಟು ಸಲ ಕೂಡಿಸಿದರೂ 322ರ ಮೇಲೆ ಹೋಗಲಿಲ್ಲ. ಉಳಿದ 128 ವ್ಯಾಟ್ ಎಲ್ಲಿ ಸ್ವಾಮಿ? ನಮ್ಮ ಆಫೀಸಿನಲ್ಲಾಗಿದ್ದರೆ ತಾವಿಷ್ಟು ಹೊತ್ತಿಗೆ ಸಸ್ಪೆಂಡ್.

ಅದೂ ಹೋಗಲಿ ಎಂದರೆ, ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಬಹುಪಾಲು 12 ವೋಲ್ಟಿನ ಪಂಕ್ತಿಯಲ್ಲೇ. 5ರದೂ 3.3ರದೂ ಅವಕ್ಕೆ ಹೆಚ್ಚೇನೂ ಒದಗುವುದಿಲ್ಲ. 3060 ಕಾರ್ಡಿಗೆ 170 ವ್ಯಾಟ್ ಬೇಕು. ನಮ್ಮ ಐ5-12400 ಪ್ರೊಸೆಸರು 65 ಎಂದು ಹೇಳಿಕೊಂಡರೂ ಹುಮ್ಮಸ್ಸು ಬಂದಾಗ 117ರವರೆಗೆ ಏರುತ್ತದೆ. ಇಬ್ಬರದೇ 287. ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಸುಮಾರು 50 ಇಡಿ. ತಮ್ಮ ಪಾತ್ರೆಯಲ್ಲಿರುವುದು 180. ಸಾಲದೆಂಬಂತೆ ಕಾರ್ಡು ಒಂದೇ ಸಮ ಎಳೆಯುವುದೂ ಇಲ್ಲ, ಆಗಾಗ ಕಣ್ಣಿಗೆ ಕಾಣದಷ್ಟು ಹೊತ್ತು ಎಗರಿ ಇಳಿಯುತ್ತದೆ. ಈ ಎಗರಾಟ ತಾಳುವುದು ಹೇಗೆಂದು 2022ರ ಎಟಿಎಕ್ಸ್ 3.0 ನಿಯಮದಲ್ಲೇ ಬರೆಯಬೇಕಾಯಿತು. ನಾಲ್ಕು ನಿಮಿಷ ತಾಳಿದಿರಲ್ಲ, ಅದೇ ತಮ್ಮ ದೊಡ್ಡಗುಣ. ಸುಟ್ಟುಕೊಳ್ಳದೆ ನಂದಿಹೋದಿರಿ, ಅದಕ್ಕೆ ಇನ್ನೊಂದು ನಮಸ್ಕಾರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರೇನೋ ಹೇಳಿದರು. ಹಾಸಿಗೆಯೇ ತನ್ನ ಉದ್ದದ ಬಗ್ಗೆ ಸುಳ್ಳು ಹೇಳಿದರೆ ಕಾಲಿನದೇನು ತಪ್ಪು?

ತಮಗೆ ಅನ್ಯಾಯವಾಗಬಾರದೆಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಡಬ್ಬಿಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ, ಬದನೆಕಾಯಿ ಮಾರುವ ಅಮ್ಮನ ತಕ್ಕಡಿಯಲ್ಲಿ ಇಟ್ಟೆ. ಎಂಟುನೂರು ಗ್ರಾಂ. ಆಕೆ ವೈರುಗಳ ಗೊಂಚಲನ್ನು ಎತ್ತಿ ಹಿಡಿದು, “ಬಾಲ ತೆಗೆದ್ರೆ ಅರ್ಧ ಕೇಜಿನೂ ಬರಲ್ಲ, ಒಳಗೇನೂ ಇಲ್ವಲ್ಲ ಸಾಮಿ” ಎಂದಳು. ತೂಕವೊಂದೇ ಸಾಕ್ಷಿಯಲ್ಲ, ನಿಜ. ಆದರೆ ಟ್ರಾನ್ಸ್‌ಫಾರ್ಮರು, ಕೆಪಾಸಿಟರು, ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿ ಇವೆಲ್ಲ ಗಾಳಿಯಿಂದ ಆಗುವುದಿಲ್ಲವಲ್ಲ. ಮುಚ್ಚಳ ಬಿಚ್ಚಿ ನೋಡುವ ಆಸೆ ಮಗನಿಗಿತ್ತು, ನಾನು ಬೈದೆ. 230 ವೋಲ್ಟಿನ ಕರೆಂಟು ಒಳಗೆ ಹೋಗಿ 300ಕ್ಕೂ ಮೇಲಾಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಹೊಂಚು ಹಾಕಿರುತ್ತದೆ.

ಬರುವ ದಾರಿಯಲ್ಲಿ ಕೆರೆಯ ಬೇಲಿಯ ಪಕ್ಕ ಸ್ವಲ್ಪ ನಿಂತೆ. ತಮ್ಮ ವಂಶಸ್ಥರು ಇಲ್ಲಿಯೂ ಇದ್ದರು. ಸಾರಕ್ಕಿ ಕೆರೆ ದಾಖಲೆಯಲ್ಲಿ ಎಂಬತ್ತಕ್ಕೂ ಹೆಚ್ಚು ಎಕರೆ. ನೀರಿರಬೇಕಾದ ಕಡೆ ಮನೆಗಳೆದ್ದು, 2015ರ ಏಪ್ರಿಲ್‌ನಲ್ಲಿ ಜೆಸಿಬಿ ಬಂದು ಕೆಡವುವವರೆಗೆ ಆ ಅಂಕಿ ಕಾಗದದ ಮೇಲೆ ಸುಖವಾಗಿತ್ತು. ಮನೆ ಕಳೆದುಕೊಂಡವರ ಕೈಯಲ್ಲೂ ಕಾಗದಗಳಿದ್ದವು.

ಸರ್ಕಾರವನ್ನು ಬೈಯುವವನು ನಾನು. ಆದರೆ ಒಂದು ಮಾತು ಒಪ್ಪಬೇಕು. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ಹಿಂದಿನ ವರ್ಷದ ಬಳಕೆಯ ಸರಾಸರಿ ನೋಡಿ, ಮೇಲೆ ಶೇಕಡ 10 ಸೇರಿಸಿ, 200 ಯೂನಿಟ್ಟಿಗೆ ಗೆರೆ ಎಳೆದರು. ಮೊದಲು ಲೆಕ್ಕ, ಆಮೇಲೆ ಸ್ವಲ್ಪ ಕೈಬಿಚ್ಚು. ಬಿಟ್ಟಿ ಕೊಡುವವರೇ ಇಷ್ಟು ನೋಡುವಾಗ, ಕ್ಯಾಬಿನೆಟ್ಟಿಗೆ ದುಡ್ಡು ಕೊಟ್ಟ ನಾವು ಯಾಕೆ ನೋಡಲಿಲ್ಲವೋ!

ತಮ್ಮ ಜಾಗಕ್ಕೆ ಹೊಸ ಡಬ್ಬಿ ಬಂದಿದೆ. 550 ವ್ಯಾಟ್. ಈ ಸಲ ಅಂಗಡಿಯವನು ಬಾಯಿ ತೆರೆಯುವ ಮುಂಚೆಯೇ ಪೆಟ್ಟಿಗೆ ತಿರುಗಿಸಿ 12 ವೋಲ್ಟಿನ ಸಾಲು ಓದಿದೆ: 45 ಆಂಪಿಯರ್. 540. “80 ಪ್ಲಸ್ ಬ್ರಾಂಜ್ ಸಾರ್” ಎಂದ. ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗುತ್ತದೆ ಎಂಬ ಲೆಕ್ಕ ಮಾತ್ರ, ಹೊರುವ ತಾಕತ್ತಿನದಲ್ಲ ಎಂದು ನಾನೇ ಹೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಮನೆಗೆ ಬಂದ ಮೇಲೆ ನಮ್ಮ 600 ವಿಎ ಯುಪಿಎಸ್ಸಿನ ಹಿಂಭಾಗವನ್ನೂ ಓದಿದೆ. ಅದು ತಮ್ಮ ದಾಯಾದಿ. ಹೆಸರು 600, ಕೊಡುವುದು 360 ವ್ಯಾಟ್. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ತಮ್ಮ ಡಬ್ಬಿಯನ್ನು ಗುಜರಿಯವನು ಕೈಯಲ್ಲಿ ಒಮ್ಮೆ ತೂಗಿ, ಮುಖ ಸಿಂಡರಿಸಿ, ತಗೊಂಡು ಹೋದ. ಕೆಂಪಕ್ಷರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಇಂತಿ ತಮ್ಮ ವಿಧೇಯ,
ಸಾರಕ್ಕಿಯ ಒಬ್ಬ ನಿವೃತ್ತ ಗುಮಾಸ್ತ

ವಿ.ಸೂ.: ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗ, “ಅಪ್ಪ, 5070 ಕಾರ್ಡು ಎಷ್ಟು ಎಳೆಯುತ್ತೆ ಹೇಳಿ ನೋಡೋಣ” ಎಂದ. 250 ವ್ಯಾಟಂತೆ. ಸಾರು ಆರಿಹೋಯಿತು. ನಾನಿನ್ನೂ ಪೆನ್ನು ಹುಡುಕುತ್ತಿದ್ದೆ.