ನಾಲ್ಕು ತಾಲೂಕಿನ ಗಿಡುಗಗಳಿಗೊಂದು ತಕರಾರು ಅರ್ಜಿ

ಇವರಿಗೆ,
ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಸಮಸ್ತ ಹದ್ದು, ಗಿಡುಗ, ಬಿಜ್ಜು (ಶಿಕ್ರಾ) ಹಾಗೂ ಸೆಳೆವ (ಹ್ಯಾರಿಯರ್)ಗಳಿಗೆ.

ವಿಷಯ: ಹಳೇ ಲೆನ್ಸಿನವರ ಬಗ್ಗೆ ತಾವು ತೋರುತ್ತಿರುವ ಅಸಡ್ಡೆ ಕುರಿತು.

ಮಾನ್ಯರೇ,

ಒಂದೇ ಅರ್ಜಿಯನ್ನು ನಾಲ್ಕು ತಾಲೂಕಿಗೆ ಬರೆದಿದ್ದಕ್ಕೆ ಕ್ಷಮೆಯಿರಲಿ. ದಾಂಡೇಲಿ ಹಳಿಯಾಳದಿಂದ ಬೇರೆಯಾಗಿ ತಾನೇ ಒಂದು ತಾಲೂಕಾದದ್ದನ್ನು ತಾವು ಇನ್ನೂ ಗಮನಕ್ಕೆ ತೆಗೆದುಕೊಂಡಂತಿಲ್ಲ. ಜೋಯಿಡಾಕ್ಕೆ ಹಿಂದೆ ಸೂಪಾ ತಾಲೂಕು ಎನ್ನುತ್ತಿದ್ದರು. ಆ ಸೂಪಾ ಊರು ಅಣೆಕಟ್ಟಿನ ಹಿಂದೆ ಕಾಳಿ ನದಿಯ ನೀರಿನಡಿ ಹೋಗಿ ಎಷ್ಟೋ ವರ್ಷವಾಯಿತು. ತಾವು ಮಾತ್ರ ಒಂದು ತಾಲೂಕಿನಲ್ಲಿ ಕೂತು ಮೈ ಕಾಯಿಸಿ, ಬಿಸಿಲೇರಿದ ಮೇಲೆ ಸುತ್ತು ಹಾಕುತ್ತಾ ಮೇಲಕ್ಕೆ ಹೋಗಿ, ಇನ್ನೊಂದು ತಾಲೂಕಿನ ಮೇಲೆ ಚುಕ್ಕೆಯಾಗುತ್ತೀರಿ. ಯಾವ ತಹಸೀಲ್ದಾರರ ಹತ್ತಿರ ದೂರು ಕೊಡಲಿ?

ನನ್ನ ಬಳಿ ಇರುವುದು ಸೋವಿಯತ್ ದೇಶದ ತಾಯಿರ್-3 ಲೆನ್ಸು. 300 ಮಿ.ಮೀ., ಎಫ್ 4.5. ಸಾಮಾನ್ಯ ಕುಲದ್ದಲ್ಲ, 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಗ್ರಾಂ ಪ್ರಿ ಪಡೆದ ವಂಶ. ಇದೇ ವಂಶದ ಲೆನ್ಸನ್ನು ಬಂದೂಕಿನ ಹಿಡಿಕೆಗೆ ಕೂರಿಸಿ, ಕುದುರೆ ಎಳೆದರೆ ಫೋಟೋ ಬೀಳುವಂತೆ ಮಾಡಿ, ‘ಫೋಟೋಸ್ನೈಪರ್’ ಎಂಬ ಹೆಸರಲ್ಲಿ ಲೋಹದ ಪೆಟ್ಟಿಗೆಯೊಳಗಿಟ್ಟು ಮಾರುತ್ತಿದ್ದರು. ನನ್ನದು ಹಿಡಿಕೆಯಿಲ್ಲದ್ದು, ಬಾಗಿಲು ಹಾಕಿದ ಸ್ಟುಡಿಯೋ ಒಂದರಲ್ಲಿ ಸಿಕ್ಕಿತು. ಮದುವೆ ಫೋಟೋ ತೆಗೆಯುವವರಿಗೆ ಇಂಥದ್ದೇಕೆ ಬೇಕಿತ್ತೆಂದು ನಾನು ಕೇಳಲಿಲ್ಲ. ಕೆಲವು ಬೀಗರನ್ನು ದೂರದಿಂದಲೇ ತೆಗೆಯಬೇಕಾಗುತ್ತದೇನೋ.

ಇದನ್ನು ನಡೆಸುವ ಕ್ರಮವನ್ನು ತಾವು ದಯವಿಟ್ಟು ತಿಳಿದುಕೊಳ್ಳಬೇಕು. ಅಪರ್ಚರಿಗೆ ಎರಡು ಉಂಗುರ. ಒಂದರಲ್ಲಿ 8ಕ್ಕೆ ಗುರುತಿಟ್ಟುಕೊಳ್ಳಬೇಕು. ಇನ್ನೊಂದನ್ನು ಪೂರ್ತಿ ತೆರೆದು, ಬೆಳಕು ಬಿಟ್ಟುಕೊಂಡು ಫೋಕಸ್ ಮಾಡಬೇಕು. ಆಮೇಲೆ ಅದನ್ನು ತಿರುಗಿಸಿ ಮುಚ್ಚಬೇಕು. ಆಮೇಲೆ ಗುಂಡಿ ಒತ್ತಬೇಕು. ಇಷ್ಟಕ್ಕೆ ತಮ್ಮಿಂದ ಬೇಕಾದದ್ದು ಕೆಲವು ಸೆಕೆಂಡಿನ ಸಹಕಾರ. ಅವಸರವಾಗಿ ಪೂರ್ತಿ ತೆರೆದೇ ತೆಗೆದೆನೆನ್ನಿ: ಇಪ್ಪತ್ತು ಮೀಟರ್ ದೂರದಲ್ಲಿ ಶಾರ್ಪಾಗಿ ಸಿಗುವ ಆಳ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸರ್ಪಗಿಡುಗರಾದ ತಾವು ನನ್ನ ಕಡೆ ಓರೆಯಾಗಿ ತಿರುಗಿ ರೆಕ್ಕೆ ಬಿಚ್ಚಿದರೆ ಒಂದು ರೆಕ್ಕೆ ಫೋಕಸಿನಲ್ಲಿ, ಇನ್ನೊಂದು ಜೋಯಿಡಾದಲ್ಲಿ.

ಹೊಸ ಕ್ಯಾಮೆರಾಗೆ ಈ ಲೆನ್ಸ್ ಹಾಕಿಕೊಂಡರೆ ಫೋಕಸ್ ಕೂತ ಅಂಚುಗಳಿಗೆಲ್ಲ ತೆರೆಯ ಮೇಲೆ ಕೆಂಪು ಬಳಿದು ತೋರಿಸುವ ಸೌಲಭ್ಯವಿದೆ. ದಾಂಡೇಲಿಯ ತೇಗದ ಕಾಡಿನಲ್ಲಿ ಅದನ್ನು ಹಚ್ಚಿ ನೋಡಿ: ಎಲೆ, ಕಡ್ಡಿ, ಬಳ್ಳಿ, ಎಲ್ಲಕ್ಕೂ ಕುಂಕುಮ ಎರಚಿದಂತೆ. ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಈಗ ಪಾಸಾಗುವುದು ಪಕ್ಕದ ಜೀಪಿನವರ ಕ್ಯಾಮೆರಾ. ಹಕ್ಕಿಯ ಕಣ್ಣನ್ನು ಅದು ತಾನೇ ಹುಡುಕಿ, ಚೌಕ ಹಾಕಿ, ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ನನ್ನದಕ್ಕೆ ಮರ ಕಾಣುತ್ತದೆ, ಕೊಂಬೆ ಕಾಣುತ್ತದೆ, ಆಚಾರ್ಯರೂ ಕಾಣುತ್ತಾರೆ.

ಹಾಗೆಂದು ತಮ್ಮೆಲ್ಲರ ಮೇಲೂ ಸಮಾನ ಆಪಾದನೆ ಇಲ್ಲ. ಕರಿ ಹದ್ದಿನವರು ಮರಗಳ ನೆತ್ತಿ ಸವರಿಕೊಂಡು, ಬೆರಳು ಬಿಡಿಸಿದ ರೆಕ್ಕೆಯಲ್ಲಿ ನಿಧಾನಕ್ಕೆ ಹೋಗುತ್ತಾರೆ. ಅವರು ಹೆಚ್ಚಾಗಿ ಹುಡುಕುವುದು ಇತರರ ಗೂಡಿನ ಮೊಟ್ಟೆ-ಮರಿಯನ್ನು. ನಡತೆ ಹೇಗೇ ಇರಲಿ, ವೇಗ ಮಾತ್ರ ಸಭ್ಯವಾದದ್ದು. ಕಾಳಿಯ ದಡದ ಮೀನುಗಿಡುಗರು ಒಂದೇ ಕೊಂಬೆಯಲ್ಲಿ ಗಂಟೆಗಟ್ಟಲೆ ಕೂರುವ ಸರ್ಕಾರಿ ಶಿಸ್ತಿನವರು, ಆದರೆ ಕೂರುವುದು ಆಚೆ ದಡದಲ್ಲಿ. ಗರುಡರ ಬಿಳಿ ತಲೆಗೆ ಬೆಳಕು ಹೊಂದಿಸಿದರೆ ಕೆಂಗಂದು ಮೈ ಕಪ್ಪಾಗುತ್ತದೆ, ಮೈಗೆ ಹೊಂದಿಸಿದರೆ ತಲೆ ಬರೀ ಸುಣ್ಣ. ಬಿಜ್ಜುಗಳ ಬಗ್ಗೆ ಏನೂ ಬರೆಯುವುದಿಲ್ಲ. ಬರೆಯುವಷ್ಟು ಹೊತ್ತು ಅವು ಎಲ್ಲೂ ನಿಂತಿಲ್ಲ.

ಸೆಳೆವಗಳ ಮೇಲೆ ಮಾತ್ರ ನನಗೆ ವಿಶೇಷ ಬೇಸರವಿದೆ. ಪ್ರತಿ ಚಳಿಗಾಲ ಕಜಕಸ್ತಾನದ ಕಡೆಯ ಹುಲ್ಲುಗಾವಲಿನಿಂದ ನಮ್ಮ ಬಯಲುಗಳಿಗೆ ಬರುತ್ತೀರಿ. ಕಜಕಸ್ತಾನ ಒಂದು ಕಾಲಕ್ಕೆ ಸೋವಿಯತ್ ದೇಶವೇ ಅಲ್ಲವೇ? ನನ್ನ ಲೆನ್ಸೂ ಅಲ್ಲಿಯದೇ. ಪರದೇಶದಲ್ಲಿ ಊರಿನವರು ಸಿಕ್ಕಾಗ ಒಂದು ಗಳಿಗೆ ನಿಂತು ಮಾತಾಡಿಸುವುದು ಲೋಕರೂಢಿ. ಮುಂಡಗೋಡದಲ್ಲಿ ಟಿಬೆಟಿನವರು 1966ರಿಂದ ನೆಲೆ ನಿಂತು ಮೆಕ್ಕೆಜೋಳ ಬೆಳೆಯುತ್ತಿದ್ದಾರೆ, ತಮಗೆ ಒಂದು ಬದುವಿನ ಮೇಲೆ ಐದು ನಿಮಿಷ ನೆಲೆ ನಿಲ್ಲಲು ಆಗುವುದಿಲ್ಲ.

ಹಿಂದೆ ತಮ್ಮವರು ಹೀಗಿರಲಿಲ್ಲ ಎಂಬುದಕ್ಕೆ ದಾಖಲೆಯಿದೆ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಮನೆಮಾತಾಗುವ ಮೊದಲೇ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಕೈಯಲ್ಲೇ ಉಂಗುರ ತಿರುಗಿಸಿ ಕನ್ನಡ ನಾಡಿನ ಕಾಡನ್ನು ಜಗತ್ತಿಗೆ ತೋರಿಸಿದರು. ಎಣಿಸಿ ತೆಗೆಯಬೇಕಾದ ಫಿಲ್ಮು, ತೊಳೆಸುವ ತನಕ ಏನು ಬಂದಿದೆಯೆಂದು ಗೊತ್ತಾಗದು. ನಿಜ, ಆ ಕಾಲದಲ್ಲಿ ಗೂಡಿನೆದುರು ಮರೆ ಕಟ್ಟಿಕೊಂಡು ಕೂರುವುದು ಹಕ್ಕಿ ಛಾಯಾಗ್ರಹಣದ ರೂಢಿಯಾಗಿತ್ತು. ಮರಿಗೆ ಉಣಿಸಲು ಬರುವ ಹಕ್ಕಿ ಎಲ್ಲಿ ಕೂರುತ್ತದೆಂದು ಮೊದಲೇ ಗೊತ್ತಿರುತ್ತಿತ್ತು. ಈಗ ಅದು ತಪ್ಪೆಂದು ಬಲ್ಲವರು ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ ಗೂಡಿನ ದಾರಿ ಬಿಟ್ಟವನಿಗೆ ತಾವು ಬೇರೆ ಯಾವ ಪರಿಹಾರ ಕೊಟ್ಟಿದ್ದೀರಿ? ಮೊಬೈಲಿನಲ್ಲಿ ತಮ್ಮದೇ ಕೂಗು ಹಾಕಿ ಕರೆಯುವವರ ಹತ್ತಿರಕ್ಕೆ ಓಡೋಡಿ ಬರುತ್ತೀರಂತೆ. ಹೇಳುವುದು ನನ್ನ ಧರ್ಮ: ಆ ಡಬ್ಬಿಯೊಳಗೆ ಹೆಣ್ಣೂ ಇಲ್ಲ, ವೈರಿಯೂ ಇಲ್ಲ.

ಮಳೆಗಾಲದ ಖರ್ಚನ್ನೂ ಇಲ್ಲೇ ನಮೂದಿಸುತ್ತೇನೆ. ಜೋಯಿಡಾ ಕಡೆ ಮಳೆ ಹಿಡಿದರೆ ಗೋಡೆಗೆ ಬಂದ ಬೂಸ್ಟು ಲೆನ್ಸಿಗೂ ಬರುತ್ತದೆ. ಒಳಗಿನ ಗಾಜಿನ ಅಂಚಿನಿಂದ ಬಿಳಿ ಎಳೆಗಳು ಕವಲೊಡೆದು ನಡುವಿಗೆ ಹಬ್ಬುತ್ತವೆ. ಆಮೇಲೆ ತೆಗೆದ ಚಿತ್ರವೆಲ್ಲ ಮಂಜು. ಅದಕ್ಕೇ ಅಲಮಾರಿಯೊಳಗೆ ಸಣ್ಣ ಬಲ್ಬು ಉರಿಸಿಟ್ಟು ತಾಯಿರ್ ಸಾಹೇಬರನ್ನು ಬಾಣಂತಿ ಕೋಣೆಯಲ್ಲಿ ಮಲಗಿಸುತ್ತೇವೆ. ಮಳೆ ಜೋರಾದರೆ ಕರೆಂಟು ಹೋಗುತ್ತದೆ. ಹೊಸ ಮಳೆನಿರೋಧಕ ಲೆನ್ಸಿನವರಿಗೆ ಈ ಸಂಸಾರ ತಾಪತ್ರಯ ಇಲ್ಲ.

ಇನ್ನು ಮುಖ್ಯ ಘಟನೆ. ಕಾಡಂಚಿನ ಗೇಟಿನಲ್ಲಿ ವಾಚರ್ ಒಬ್ಬರು ನನ್ನ ಲೆನ್ಸನ್ನು ತಿರುಗಿಸಿ ನೋಡಿ, “ಏನ್ರೀ ಇದು, ತೋಪಿನ ನಳಿಗಿ?” ಅಂದರು. ಕಣ್ಣಿಟ್ಟು ನೋಡಿದರು, ಉಂಗುರ ತಿರುಗಿಸಿದರು, ನಕ್ಕರು. ಆಮೇಲೆ, “ನಿಮ್ಮ ಗಿಡಗ ಹತ್ತರ ಮ್ಯಾಲ ಕೈಗೆ ಸಿಗೂದಿಲ್ರಿ. ಏಳಕ್ಕ ಬರ್ರಿ. ಆ ಒಣಗಿದ ಮತ್ತಿ ಮರದ ಬಲಗಡೆ ಟೊಂಗಿ. ದಿನಾ ಅಲ್ಲೇ” ಅಂದರು.

ಏಳಕ್ಕೆ, ಸರ್ಪಗಿಡುಗರೇ, ತಾವು ಅಲ್ಲೇ ಇದ್ದಿರಿ. ಇಬ್ಬನಿಗೆ ನೆಂದ ರೆಕ್ಕೆಯನ್ನು ಅರ್ಧ ಬಿಚ್ಚಿ, ಬೆನ್ನನ್ನು ಬಿಸಿಲಿಗೆ ಕೊಟ್ಟು. ಮತ್ತಿಯ ಟೊಂಗೆಗೆ ಫೋಕಸ್ ಮಾಡಿದೆ. ಕಣ್ಣು-ಕೊಕ್ಕಿನ ನಡುವಿನ ಹಳದಿ ಚರ್ಮ, ಹೆಡತಲೆಯ ಕಪ್ಪು-ಬಿಳಿ ಜುಟ್ಟು, ಹೊಟ್ಟೆಯ ಕಂದಿನಲ್ಲಿ ಬಿಳಿ ಚುಕ್ಕೆ, ಒಂದೊಂದಾಗಿ ಮಸುಕಿನಿಂದ ಎದ್ದು ಬಂದವು. ಉಂಗುರವನ್ನು 8ಕ್ಕೆ ಮುಚ್ಚುತ್ತಿದ್ದೆ. ಅಷ್ಟರಲ್ಲಿ ತಮ್ಮ ಮುಷ್ಟಿಯಷ್ಟಿಲ್ಲದ ಕಾಜಾಣವೊಂದು ಮೇಲಿಂದ ಬಂದು ತಮ್ಮ ನೆತ್ತಿಗೆ ಬಡಿಯಿತು. ಹಾವು ತಿನ್ನುವ ಜಾತಿಯವರು ತಾವು, ಒಂದು ಮಾತಿಲ್ಲದೆ ಎದ್ದು ಹೋದಿರಿ. ನನ್ನ ಬಳಿ ಉಳಿದದ್ದು ಮತ್ತಿ ಟೊಂಗೆಯ ಅತ್ಯಂತ ಶಾರ್ಪಾದ ಚಿತ್ರ, ತೊಗಟೆಯ ಬಿರುಕುಗಳೂ ಲೆಕ್ಕಕ್ಕೆ ಸಿಗುವಂಥದ್ದು.

ಆದ್ದರಿಂದ ಪ್ರಾರ್ಥಿಸುವುದೇನೆಂದರೆ, ವಾಚರ್ ಅವರಿಗೆ ಬಾಯಿಪಾಠವಿರುವ ತಮ್ಮ ವೇಳಾಪಟ್ಟಿಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು. ಏಳುವ ಮುನ್ನ ಕನಿಷ್ಠ ಒಂದು ಸೂಚನೆ ಕೊಡಬೇಕು. ಹಾರುವುದಾದರೆ ಅಡ್ಡಡ್ಡ ಹಾರಬೇಕು. ದಾಂಡೇಲಿಯಲ್ಲಿ ಮಂಗಟ್ಟೆಗೆ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದರು, ಹೆಸರಿಟ್ಟು ಹಬ್ಬವನ್ನೂ ಮಾಡುತ್ತಾರೆ. ಸಹಕರಿಸಿದವರಿಗೆ ಸಿಗುವ ಮರ್ಯಾದೆ ಅದು ಎಂಬುದು ತಮ್ಮ ಗಮನಕ್ಕಿರಲಿ.

ತಮ್ಮ ವಿಶ್ವಾಸಿ,
ತಾಯಿರ್-3ರ ಹಾಲಿ ಪಾಲಕ

ಪ್ರತಿ: ಮಂಗಟ್ಟೆಗಳಿಗೆ, ಮಾಹಿತಿಗಾಗಿ. ಕಾಜಾಣಕ್ಕೆ, ಸೂಕ್ತ ಕ್ರಮಕ್ಕಾಗಿ.