ಕಂಬಳಿಹುಳದ ಮೈಪಟ್ಟಿ ಮತ್ತು ಶೀತಮೀಮಾಂಸೆ: ಒಂದು ಬಹುಶಿಸ್ತೀಯ ಸಂಕಥನ

1. ಪ್ರಸ್ತಾವನೆ

ಅಮೆರಿಕದ ಜನಪದರು ‘ಉಲ್ಲಿ ಬೇರ್’ ಎನ್ನುವ, ಪಿರಾರ್ಕ್ಟಿಯಾ ಇಸಬೆಲ್ಲಾ ಪತಂಗದ ಮರಿಯು ಬರಲಿರುವ ಚಳಿಗಾಲವನ್ನು ತನ್ನ ಮೈಮೇಲೆ ಪಠ್ಯೀಕರಿಸಿಕೊಂಡಿರುತ್ತದೆ ಎಂಬ ನಂಬಿಕೆಯ ನೆಲೆಗಳನ್ನು, ಆ ನೆಲೆಗಳ ನೆಲೆಗಟ್ಟನ್ನು, ಆ ನೆಲೆಗಟ್ಟು ನೆಲೆಗೊಳ್ಳದಿರುವಿಕೆಯನ್ನು ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಇಂಗಿತ. ಹುಳವನ್ನು ನೋಡುವುದು ಇದರ ವ್ಯಾಪ್ತಿಗೆ ಬರುವುದಿಲ್ಲ.

2. ಪಂಥಗಳು

(ಅ) ಕಂದುವಾದಿಗಳು: ನಡುವಿನ ಕಂದುಪಟ್ಟಿ ಅಗಲವಿದ್ದರೆ ಚಳಿ ಸೌಮ್ಯ.

(ಆ) ಕಪ್ಪುವಾದಿಗಳು: ತುದಿಗಳ ಕಪ್ಪು ಹೆಚ್ಚಿದ್ದರೆ ಚಳಿ ಘೋರ. ಎರಡೂ ಒಂದೇ ಮಾತಾದ್ದರಿಂದ ಇವರ ನಡುವಣ ವಾಗ್ವಾದ ಬಹಳ ಗಹನವಾದುದು.

(ಇ) ಖಂಡವಾದಿಗಳು: ಮೈಯ 13 ಖಂಡಗಳು ಚಳಿಗಾಲದ 13 ವಾರಗಳು.

(ಈ) ದಿಕ್ಕುವಾದಿಗಳು: ಹುಳ ದಕ್ಷಿಣಕ್ಕೆ ಹರಿದರೆ ಕಡುಚಳಿ.

(ಉ) ಇನ್ನೂ ಒಂದು ಪಂಥವಿತ್ತು. ಊಟದ ಹೊತ್ತಾಯಿತು.

3. ಪೂರ್ವಸೂರಿಗಳು

1948ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಕೀಟತಜ್ಞ ಸಿ. ಎಚ್. ಕರನ್ ಹೆಂಡತಿಯನ್ನು ಕರೆದುಕೊಂಡು ಬೇರ್ ಮೌಂಟನ್‌ಗೆ ಹೋದರು. ಹುಳ ಹಿಡಿದು ಕಂದು ಖಂಡಗಳನ್ನು ಎಣಿಸಿದರು. ಸೈದ್ಧಾಂತಿಕ ಚೌಕಟ್ಟಿಲ್ಲದೆ ಬರಿಗಣ್ಣಿನಿಂದ ಎಣಿಸಿದ್ದು ಗಂಭೀರ ವಿಧಾನದೋಷ. 1956ರವರೆಗೂ ಎಣಿಸಿದರು, ಸರಾಸರಿ 5.3ರಿಂದ 5.6ರ ನಡುವೆ ಇತ್ತು. ಹಿಡಿದ ಹುಳಗಳು ಕಡಿಮೆಯೆಂದು ಅವರಿಗೂ ಗೊತ್ತಿತ್ತು. ಗೆಳೆಯರೊಡನೆ ಸೇರಿ ತಮಾಷೆಗೆ ಹುಳಪ್ರಿಯರ ಸಂಘವನ್ನೂ ಕಟ್ಟಿದರು. ನಗುನಗುತ್ತಾ ಮಾಡಿದ ಸಂಶೋಧನೆಗೆ ಬಡ್ತಿಯ ಅಂಕ ಸಲ್ಲದು.

ನಾರ್ತ್ ಕ್ಯಾರೊಲಿನಾದ ಬ್ಯಾನರ್ ಎಲ್ಕ್‌ನಲ್ಲಿ 1978ರಿಂದ ಅಕ್ಟೋಬರ್ ಉತ್ಸವದಲ್ಲಿ ಹುಳಗಳನ್ನು ದಾರ ಹತ್ತಿಸಿ ಪಂದ್ಯ ನಡೆಸುತ್ತಾರೆ. ಗೆದ್ದ ಹುಳದ ಪಟ್ಟಿ ಓದಿ ಚಳಿಗಾಲ ಸಾರುತ್ತಾರೆ. ಇದನ್ನು ‘ಲಂಬಮುಖೀ ಜ್ಞಾನೋತ್ಪಾದನೆ’ ಎಂದು ಗುರುತಿಸಬಹುದಾಗಿದೆ.

4. ವಿಶ್ಲೇಷಣೆ

ಹುಳ ಪೊರೆ ಕಳಚಿದ ಹಾಗೆಲ್ಲ ಕಂದು ಹಿಗ್ಗುತ್ತದೆ. ಒದ್ದೆ ಹವೆಯಲ್ಲಿ ಬೆಳೆದರೆ ಕಪ್ಪು ಹೆಚ್ಚು. ಅಂದರೆ ಪಟ್ಟಿ ಹೇಳುವುದು ಹುಳದ ವಯಸ್ಸು ಮತ್ತು ಕಳೆದುಹೋದ ಹವೆಯನ್ನು. ಮುಂದಿನ ಚಳಿಯನ್ನು ಅದು ತರಗೆಲೆಗಳಡಿ ಹೆಪ್ಪುಗಟ್ಟಿ ಕಳೆಯುತ್ತದೆಯೇ ಹೊರತು ಮುಂಚಿತವಾಗಿ ಅರಿಯದು.

ಇಷ್ಟು ಹೇಳಲು ‘ಸಂಕಥನ’ ಯಾಕೆ ಬೇಕು? ನಮ್ಮ ಮಳೆನಕ್ಷತ್ರದ ಗಾದೆಗಳ ಮೇಲೆ ಇದೇ ಭಾಷೆಯ ಪ್ರಬಂಧಗಳನ್ನು ವಿಚಾರಸಂಕಿರಣವೊಂದರಲ್ಲಿ ಇಡೀ ಮಧ್ಯಾಹ್ನ ಕೇಳಿದ್ದೇನೆ. ಗಾದೆ ಹೇಳಿದ ರೈತನ ಹೆಸರಿಲ್ಲ, ಊರಿಲ್ಲ. ರೋಹಿಣಿ ಮಳೆ ಹುಯ್ದಿತೋ, ಮೃಗಶಿರ ಕೈಕೊಟ್ಟಿತೋ, ಒಂದು ವರ್ಷದ ಲೆಕ್ಕವೂ ಇಲ್ಲ. ‘ದೇಸಿ ಜ್ಞಾನಪರಂಪರೆ’ ಎಂದು ಹೊಗಳಿದವರು ಆ ಜ್ಞಾನವನ್ನು ಪರೀಕ್ಷಿಸುವಷ್ಟು ಮರ್ಯಾದೆಯನ್ನೂ ಅದಕ್ಕೆ ಕೊಡಲಿಲ್ಲ. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ ಹಂಚಿದರು. ಅತ್ತ ಗಾದೆ ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಬರೆದುಕೊಳ್ಳಬೇಕಾದವರು ಚೌಕಟ್ಟು ಕಟ್ಟುತ್ತಾ ಕೂತಿದ್ದಾರೆ.

5. ಉಪಸಂಹಾರ

ಮಾನ್ಯ ಪ್ರಬಂಧಕಾರರೇ, ಕೈಮುಗಿದು ಕೇಳುತ್ತೇನೆ: ಮುಂದಿನ ಮಳೆಗಾಲಕ್ಕೆ ಅಂಗಳದಲ್ಲಿ ಒಂದು ಮಳೆಮಾಪಕ ಇಡಿ. ಗಾದೆ ನಿಜವಾದರೆ ನಿಜವೆಂದು, ಸುಳ್ಳಾದರೆ ಸುಳ್ಳೆಂದು ಬರೆಯಿರಿ. ಅರ್ಧ ಪುಟ ಸಾಕು.