ಸೋರಿಕಾ ಮೀಮಾಂಸೆ

ಮಂಗಳಾಚರಣೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಹೊರಗೆ ಮಳೆ ಹಿಡಿದಿದೆ.

ಕಿಟಕಿಯ ಸಂದಿಗೆ ಯಾವ ಲೇಪ ಹಚ್ಚಿದರೆ ಬಹುಕಾಲ ಬಾಳೀತು ಎಂಬ ಬಗ್ಗೆ ನಮ್ಮ ಪೂರ್ವಾಚಾರ್ಯರು ಮೌನ ತಾಳಿದ್ದಾರೆಂಬ ಅಪವಾದವಿದೆ. ಇದು ಓದದವರ ಮಾತು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯ ತೆಗೆದಿರಿಸಿದ್ದಾನೆ. ಎಳೆ ತೂಬರೆಕಾಯಿ, ಎಳೆ ಬೇಲದಕಾಯಿ, ಬೂರುಗದ ಹೂ, ಬಜೆ ಮುಂತಾದವನ್ನು ಒಂದು ದ್ರೋಣ ನೀರಲ್ಲಿ ಎಂಟನೇ ಒಂದು ಪಾಲಿಗಿಳಿಯುವ ತನಕ ಕುದಿಸಿ, ಗುಗ್ಗುಳ, ಸರ್ಜರಸ, ಅಗಸೆ ಇತ್ಯಾದಿ ಬೆರೆಸಿ, ಬಿಸಿಯಿರುವಾಗಲೇ ಬಳಿಯಬೇಕು. ಎಲ್ಲೆಲ್ಲಿ ಬಳಿಯಬಹುದೆಂಬ ಪಟ್ಟಿಯಲ್ಲಿ ದೇವಾಲಯ, ಲಿಂಗ, ವಿಗ್ರಹ, ಗೋಡೆ, ಬಾವಿ ಇವೆ. ಟೂರಿಸ್ಟ್ ವ್ಯಾನು ಇಲ್ಲ. ಲಿಪಿಕಾರ ಬಿಟ್ಟಿರಬೇಕು. ಬಾಳಿಕೆಯನ್ನು ಆಚಾರ್ಯ ಸಹಸ್ರಾಯುತ ವರ್ಷ, ಅಂದರೆ ಒಂದು ಕೋಟಿ ವರ್ಷ, ಎಂದು ಹೇಳಿದ್ದಾನೆ. ಸುಮಾರು 1,500 ವರ್ಷ ಸಂದಿವೆ. ವಾರಂಟಿಯಲ್ಲಿ ಇನ್ನು 99,98,500 ಬಾಕಿ. ನಾನೂ ಭಾವನೂ ಸೇರಿ ಇಟ್ಟಿರುವ ವ್ಯಾನಿನ ಎಫ್‌ಸಿ ಬರುವ ಮಾರ್ಚಿಗೆ ಮುಗಿಯುತ್ತದೆ.

ಸಂಶೋಧನಾ ಕ್ಷೇತ್ರ ತೀರ್ಥಹಳ್ಳಿಯಿಂದ ಆಗುಂಬೆಯವರೆಗಿನ ರಸ್ತೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಪ್ರಯೋಗಕ್ಕೆ ನೀರಿನ ಅಭಾವವೆಂಬ ಮಾತೇ ಬರುವುದಿಲ್ಲ. ಉಪಕರಣ: ಎಡಬದಿಯ ಮೂರನೇ ಸೀಟು, ಅದರಲ್ಲಿ ಕುಳಿತವರ ಮೊಣಕಾಲು.

ಮೊದಲು ಪ್ರಮಾಣವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಊಹಿಸುತ್ತಾರೆ. ಅದೇ ದಾರಿಯಲ್ಲಿ ಹೋಗಿ, ಹನಿ ಬಿದ್ದಲ್ಲಿ ತೂತಿದೆ ಎಂದು ಊಹಿಸಿದವರು ಕೆಟ್ಟರು. ನೀರು ಮಾಡಿನ ಹತ್ತಿರ ಒಳಹೊಕ್ಕು, ಫ್ರೇಮಿನ ಬೆನ್ನಿಗೆ ಅಂಟಿಕೊಂಡು ಮೊಳದುದ್ದ ಸಾಗಿ, ತನಗೆ ಬೇಕಾದಲ್ಲಿ ತೊಟ್ಟಿಕ್ಕುತ್ತದೆ. ಇಲ್ಲಿ ಅನುಮಾನ ಸಲ್ಲದು, ಪ್ರತ್ಯಕ್ಷವೇ ಗತಿ. ಒಳಗಡೆ ಸಂದಿಯುದ್ದಕ್ಕೂ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ಹೊರಗಿನಿಂದ ಪೈಪಿನ ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನ ಮೇಲಕ್ಕೆ ಬಿಡಬೇಕು. ಪೌಡರಿನ ಮೇಲೆ ಗೆರೆ ಮೂಡಿದ ಕಡೆ ಕಳ್ಳನ ಬಾಗಿಲು. ಮೇಲಿನಿಂದ ಬಿಟ್ಟರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಪ್ರಬಂಧ ಮುಂದೆ ಸಾಗದು.

ಇನ್ನು ಮತಗಳು. ಗಾಜು ಬೇರೆ, ತಗಡು ಬೇರೆ, ನಡುವಿನ ರಬ್ಬರು ಬೀಡಿಂಗ್ ಇವೆರಡಕ್ಕಿಂತಲೂ ಬೇರೆ ಎಂಬುದು ದ್ವೈತ. ಹಳೆಯ ಜೀಪು, ಬಸ್ಸುಗಳೆಲ್ಲ ಈ ಸಂಪ್ರದಾಯದವು. ರಬ್ಬರು ಬಿಸಿಲಿಗೆ ಒಣಗಿ ಸೀಳುಬಿಟ್ಟಾಗ ಭೇದವು ಸತ್ಯವೆಂಬುದು ಪ್ರಯಾಣಿಕರ ಅನುಭವಕ್ಕೂ ಬರುತ್ತದೆ. ಗಾಜೂ ತಗಡೂ ಒಂದೇ ಎನ್ನುವವರು ಪಾಲಿಯುರೇಥೇನಿನ ಅದ್ವೈತಿಗಳು. ಈಗಿನ ಕಾರುಗಳ ಮುಂದಿನ ಗಾಜು ಈ ಅಂಟಿನಿಂದ ಬಾಡಿಯೊಡನೆ ಐಕ್ಯವಾಗಿದೆ. ಬಾಡಿಯ ಗಟ್ಟಿತನಕ್ಕೆ ಅದೂ ಒಂದು ಬಲ. ಇದು ಗಾಳಿಯ ತೇವವನ್ನೇ ಕುಡಿದು ಬಲಿಯುವ ಅಂಟಾದ್ದರಿಂದ ಮಲೆನಾಡಿಗೆ ಹೇಳಿ ಮಾಡಿಸಿದ್ದೆನ್ನಬೇಕು, ಹಚ್ಚುವ ಜಾಗ ಮಾತ್ರ ಒಣಗಿರಬೇಕು. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಒಣಗಿದ ಜಾಗ ಎಂಬುದು ಪ್ರತ್ಯೇಕ ಸಂಶೋಧನೆಯ ವಸ್ತು. ಬಿಸಿಲು ಕೂಡ ಈ ಅಂಟಿಗಾಗದು. ಗಾಜಿನಂಚಿನ ಕಪ್ಪು ಪಟ್ಟಿಯನ್ನೂ ಚುಕ್ಕೆಗಳನ್ನೂ ರಂಗೋಲಿ ಎಂದುಕೊಂಡವರಿದ್ದಾರೆ. ಒಳಗಿನ ಅಂಟಿಗೆ ಬಿಸಿಲು ತಾಗದಂತೆ ಹಿಡಿದ ಕೊಡೆ ಅದು. ವಿಶಿಷ್ಟಾದ್ವೈತವೆಂದರೆ ಬ್ಯುಟೈಲ್ ಟೇಪು. ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆಗಳ ಕಿಟಕಿಯಲ್ಲಿ ಸ್ಕ್ರೂ ಬಿಗಿಯುವ ಫ್ರೇಮಿನಡಿ ಇದನ್ನೇ ಇಡುತ್ತಾರೆ. ಎಂದಿಗೂ ಪೂರ್ತಿ ಗಟ್ಟಿಯಾಗದು, ಎರಡನ್ನೂ ಬಿಡದು, ಬೇಕಾದ ದಿನ ಬಿಚ್ಚಲೂಬಹುದು. ಬೇಸಿಗೆಯಲ್ಲಿ ಅಂಚಿನಿಂದ ಕರಿಯ ಮೀಸೆಯ ಹಾಗೆ ಇಣುಕುವುದೊಂದು ದೋಷ. ಲೇಖಕನ ಒಲವು, ಹುಟ್ಟಿದ ಮನೆಯನ್ನು ಲೆಕ್ಕಿಸದೆ ಹೇಳುವುದಾದರೆ, ಈ ಮತದ ಕಡೆಗೆ.

ಗಟ್ಟಿವಾದಿಗಳನ್ನು ಎರಡೇ ಮಾತಿನಲ್ಲಿ ಖಂಡಿಸಬಹುದು. ಎರಡು ಬಣ್ಣದ ಎಪಾಕ್ಸಿ ಮುದ್ದೆಯನ್ನು ಚಪಾತಿ ಹಿಟ್ಟಿನಂತೆ ನಾದಿ ಮೆತ್ತಿದರೆ ಕಲ್ಲಾಗುತ್ತದೆ ನಿಜ. ಆದರೆ ವ್ಯಾನು ನಡುಗುತ್ತದೆ, ಕಲ್ಲು ನಡುಗದು. ಹೊಸನಗರ ತಲುಪುವುದರೊಳಗೆ ಬಿರುಕು.

ಸಿಲಿಕೋನಿನದು ದೊಡ್ಡ ಕಥೆ. ಬಿಸಿಲಿಗೆ ಜಗ್ಗದ ಮಟ್ಟಿಗೆ ಇದಕ್ಕೆ ಎದುರಿಲ್ಲ. ಆದರೆ ಟ್ಯೂಬಿನ ಮೂತಿ ಕತ್ತರಿಸಿ ಮೂಸಿ ನೋಡಬೇಕು: ವಿನೆಗರಿನ ಹುಳಿ ಹೊಡೆದರೆ ಅದು ಬಲಿಯುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ, ಬರೀ ತಗಡಿಗೆ ತುಕ್ಕು ತರುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ಪಡೆಯಬೇಕು. ಶಾಸ್ತ್ರದಲ್ಲಿ ಘ್ರಾಣಪ್ರಮಾಣಕ್ಕೆ ಮನ್ನಣೆ ದೊರೆತಿರುವುದು ಇಲ್ಲೊಂದೇ ಕಡೆ ಎನ್ನುವಂತಿಲ್ಲ. ವಿಮಾನದ ಇಂಧನ ಟ್ಯಾಂಕಿನ ಸಂದಿ ಮುಚ್ಚುವ ಪಾಲಿಸಲ್ಫೈಡ್ ರಬ್ಬರು 1920ರ ದಶಕದಲ್ಲಿ ಅಮೆರಿಕದ ಜೋಸೆಫ್ ಪ್ಯಾಟ್ರಿಕ್ ಕೈಗೆ ಸಿಕ್ಕಿದ್ದು, ರೇಡಿಯೇಟರಿನ ನೀರು ಹೆಪ್ಪುಗಟ್ಟದಿರಲು ಏನೋ ತಯಾರಿಸಹೊರಟಾಗ. ಅದರ ದುರ್ನಾತಕ್ಕೆ ಊರವರು ಮೂಗು ಮುಚ್ಚಿಕೊಂಡರು.

ಸಿಲಿಕೋನಿನ ನಿಜವಾದ ಸಮಸ್ಯೆ ಕರ್ಮಸಿದ್ಧಾಂತಕ್ಕೆ ಸೇರಿದ್ದು. ಒಮ್ಮೆ ಹಚ್ಚಿ ಕಿತ್ತ ಮೇಲೂ ಕಣ್ಣಿಗೆ ಕಾಣದ ತೆಳುಪೊರೆ ಉಳಿಯುತ್ತದೆ. ಅದರ ಮೇಲೆ ಬಣ್ಣ ಹಿಡಿಯದು, ಬೇರೆ ಅಂಟು ಹಿಡಿಯದು, ಹೊಸ ಸಿಲಿಕೋನೂ ಸರಿಯಾಗಿ ಹಿಡಿಯದು. ಇದನ್ನೇ ಹಿಂದಿನವರು ಪೂರ್ವಜನ್ಮದ ವಾಸನೆ ಎಂದರು. ಬ್ಲೇಡಿನಿಂದ ಹೆರೆದು, ಸಾಲ್ವೆಂಟಿನಿಂದ ಮತ್ತೆ ಮತ್ತೆ ಒರೆಸಬೇಕು. ಟ್ಯೂಬಿನ ದುಡ್ಡಿಗಿಂತ ಈ ಒರೆಸುವ ಕೂಲಿಯೇ ಹೆಚ್ಚು. ಆದ್ದರಿಂದ ಯಾರೂ ಒರೆಸುವುದಿಲ್ಲ; ಹಳೆಯದರ ಮೇಲೆ ಹೊಸದನ್ನು ಬಳಿದು, ಮುಂದಿನ ಮಳೆಗೆ ಟ್ಯೂಬಿನ ಕಂಪನಿಯನ್ನು ಬೈಯುತ್ತಾರೆ.

ಇಷ್ಟೆಲ್ಲ ಓದಿ, ಒರೆಸಿ, ಒಣಗಿಸಿ, ಲೇಖಕನು ಮೂರನೇ ಕಿಟಕಿಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನ್ಯೂಟ್ರಲ್ ಸಿಲಿಕೋನಿನಿಂದ ದಿಗ್ಬಂಧನ ಮಾಡಿದನು. ಕೆಳಚಾನೆಲಿನ ಹೊರಗೋಡೆಯಲ್ಲಿ ಕಂಡ ಎರಡು ಸಣ್ಣ ಸೀಳುಗಳನ್ನೂ ಬಿಡಲಿಲ್ಲ. ಮರುದಿನ ಮದುವೆ ದಿಬ್ಬಣ. ಘಾಟಿಯ ಮೊದಲ ತಿರುವಿನಲ್ಲಿ ಕಿಟಕಿಯ ಬುಡದಿಂದ ಒಂದು ತಂಬಿಗೆ ನೀರು ಒಮ್ಮೆಲೇ ಹಾರಿ ಮದುಮಗನ ಸೋದರಮಾವನ ತೊಡೆಗೆ ಬಿತ್ತು. ಎರಡನೇ ತಿರುವಿನಲ್ಲಿ ಇನ್ನೊಂದು ತಂಬಿಗೆ. ಭಾವ ಏನೂ ಮಾತಾಡಲಿಲ್ಲ.

ಸೋಮೇಶ್ವರದಲ್ಲಿ ಗ್ಯಾರೇಜಿನ ಹುಡುಗ ಬಂದು ಚಾನೆಲಿಗೆ ಬೆರಳು ಅದ್ದಿ ನೋಡಿದ. "ಮೇಷ್ಟ್ರೇ, ಜಾರೋ ಗ್ಲಾಸಿನ ಮೇಲಿಂದ ಸ್ವಲ್ಪ ನೀರು ಬಂದೇ ಬರ್ತದೆ. ಅದು ಹೊರಗೆ ಹೋಗ್ಲಿ ಅಂತ ಕಂಪನಿಯವ್ರು ತೂತು ಬಿಟ್ಟಿದ್ರು. ಯಾರೋ ಮುಚ್ಚಿದಾರೆ ನೋಡಿ."

"ಯಾರೋ," ಅಂದೆ.

ಅವನು ಸೈಕಲಿನ ಕಡ್ಡಿಯೊಂದನ್ನು ತಂದು ಎರಡು ಕಡೆ ಚುಚ್ಚಿದ. ನಿಂತಿದ್ದ ನೀರು ಸೊರ್ರೆಂದು ನನ್ನ ಚಪ್ಪಲಿಯ ಮೇಲೆ ಸುರಿಯಿತು. ಇಪ್ಪತ್ತು ರೂಪಾಯಿ ತೆಗೆದುಕೊಂಡ. ಕಡ್ಡಿಯನ್ನು ಕೇಳಿದೆ, ಕೊಡಲಿಲ್ಲ.